ಸೀಮಂತದಿಂದ ಆಸ್ಪತ್ರೆ ಹೆರಿಗೆಯವರೆಗೆ: ಮನೆಯ ಶಾಸ್ತ್ರಗಳನ್ನು ಬಳಸಿಕೊಳ್ಳುವ ಕ್ರಮ

ಅಂಗನವಾಡಿಯಲ್ಲಿ ಸೀಮಂತ ಆಯಿತು. ಹಸಿರು ಬಳೆ, ಹೂವು, ಮಡಿಲಕ್ಕಿ, ಭಾಷಣ, ಫೋಟೋ ಎಲ್ಲವೂ ಆಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಗರ್ಭಿಣಿಗೆ ಮನೆಯಲ್ಲೇ ಹೆರಿಗೆಯಾಯಿತೆಂಬ ಸುದ್ದಿ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು, ಸ್ವಸಹಾಯ ಸಂಘದ ಹೆಂಗಸರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಶಾಸ್ತ್ರ ಎಲ್ಲಾ ಮಾಡಿದ್ವಲ್ಲ, ಮತ್ಯಾಕೆ ಬರಲಿಲ್ಲ?"

ಹೆಚ್ಚಿನ ಕಡೆ ತಪ್ಪಿರುವುದು ಕ್ರಮ. ಶಾಸ್ತ್ರ ಮೊದಲು ನಡೆಯುತ್ತದೆ, ಅತ್ತೆಯ ಜೊತೆ ಮಾತು ಆಮೇಲೆ, ಆಸ್ಪತ್ರೆಯವರ ಜೊತೆ ಮಾತು ನಡೆಯುವುದೇ ಇಲ್ಲ. ಸೀಮಂತದ ದಿನ ಯಾರೂ ಹೊಸದಾಗಿ ತೀರ್ಮಾನ ಮಾಡುವುದಿಲ್ಲ. ಅದಾಗಲೇ ಮಾಡಿಕೊಂಡ ತೀರ್ಮಾನವನ್ನು ನಾಲ್ಕು ಜನರ ಮುಂದೆ ಹೇಳುವ ದಿನ ಅದು. ಕೆಳಗಿನ ಹಂತಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಉಳಿದವರು ಕಾಡಂಚಿನ ಹಾಡಿಗಳಲ್ಲಿ, ತಾಂಡಾಗಳಲ್ಲಿ, ಹಟ್ಟಿಗಳಲ್ಲಿ, ಕಬ್ಬು ಕಡಿಯಲು ಹೋದ ಗುಡಿಸಲುಗಳಲ್ಲಿ, ಕುರಿ ಹಿಂಡಿನ ಜೊತೆಗೆ ಇದ್ದಾರೆ. "ಆಸ್ಪತ್ರೆ ಒಳ್ಳೆಯದು" ಎಂಬ ಮಾತನ್ನು ಅವರು ಸಾಕಷ್ಟು ಕೇಳಿದ್ದಾರೆ. ಅವರು ಬಾರದಿರಲು ಬೇರೆ ಕಾರಣಗಳಿವೆ, ಒಂದೊಂದು ಮನೆಯಲ್ಲಿ ಒಂದೊಂದು.

## ಕೈಯಲ್ಲಿ ಏನಿರಬೇಕು

ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆಯ ವಿವರ ಬರೆಯುವ ಕಾರ್ಡ್), ಒಂದು ಸಣ್ಣ ಪುಸ್ತಕ, 108 ಬಿಟ್ಟು ಇನ್ನೂ ಎರಡು ಗಾಡಿಯವರ ನಂಬರ್, ಹೆರಿಗೆ ಆಗಬೇಕಾದ ಆಸ್ಪತ್ರೆಯ ಸಿಸ್ಟರ್ ನಂಬರ್, ತವರೂರಿನ ಆಶಾ ನಂಬರ್. ಮನೆಯ ಹಿರಿಯರು ಮಾತು ಕೇಳುವಂಥ ಒಬ್ಬ ಹೆಂಗಸೂ ಜೊತೆಗೆ ಬೇಕು. ಅದೇ ಊರಿನವಳಾಗಿದ್ದು, ಆಸ್ಪತ್ರೆಯಲ್ಲಿ ಹೆತ್ತು ಬಂದವಳಾದರೆ ಅರ್ಧ ಕೆಲಸ ಆದಂತೆ.

## ಹಂತ 1: ಮನೆಯ ಪದ್ಧತಿ ಕೇಳಿ ತಿಳಿಯುವುದು (4–5ನೇ ತಿಂಗಳು)

"ಹೆರಿಗೆ ಎಲ್ಲಿ ಮಾಡಿಸ್ತೀರಿ?" ಎಂದು ಕೇಳಬೇಡಿ. "ಆಸ್ಪತ್ರೆಗೇ ಬರ್ತೀವಿ ಮೇಡಂ" ಎಂಬ ಉತ್ತರ ತಯಾರಾಗಿಯೇ ಇರುತ್ತದೆ. ಆ ಮಾತು ನಿಮ್ಮನ್ನು ಬೇಗ ಸಾಗಹಾಕಲು ಮಾತ್ರ.

ಅತ್ತೆಯ ಪಕ್ಕ ಕೂತು, "ದೊಡ್ಡವ್ವ, ನಿಮ್ಮ ಮಕ್ಕಳೆಲ್ಲ ಹೆಂಗೆ ಹುಟ್ಟಿದ್ವು? ಆಗ ಏನೇನು ಮಾಡ್ತಿದ್ರಿ?" ಎಂದು ಕೇಳಿ. ಈ ಹೊತ್ತಿನಲ್ಲಿ ಪುಸ್ತಕ ತೆರೆಯಬೇಡಿ, ಮನೆಗೆ ಬಂದ ಮೇಲೆ ಬರೆದುಕೊಳ್ಳಿ. ತಿಳಿಯಬೇಕಾದದ್ದು ಇಷ್ಟು: ಸೂಲಗಿತ್ತಿ ಯಾರು, ಹೆರಿಗೆ ಹೊತ್ತಿನಲ್ಲಿ ಯಾರು ಜೊತೆಗಿರಬೇಕು, ಮಗುವಿನ ಹಿಂದೆ ಬೀಳುವ ಮಾಸು ಏನು ಮಾಡುತ್ತಾರೆ, ಸೂತಕ ಹೇಗೆ ಕಳೆಯುತ್ತಾರೆ, ಯಾವ ದಿನ ಹೊರಗೆ ಹೊರಡುವುದಿಲ್ಲ, ಬಾಣಂತಿಗೆ ಏನು ಕೊಡುತ್ತಾರೆ, ಮತ್ತು "ಹೊರಡಿ" ಎಂದು ಹೇಳುವ ಅಧಿಕಾರ ಯಾರದ್ದು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಗಂಡ ಸಂಬಳ ತರುವವನಾಗಿದ್ದರೂ ಹೆರಿಗೆ ವಿಷಯದಲ್ಲಿ ಅವನಿಗೆ ಬಾಯಿ ಇಲ್ಲದ ಮನೆಗಳು ಎಷ್ಟೋ ಇವೆ.

ಕೇಳಿದ್ದನ್ನು ಮೂರು ಗುಂಪು ಮಾಡಿ. ಮೊದಲನೆಯದು ಹಾಗೆಯೇ ನಡೆಯಬಹುದಾದದ್ದು: ಬಳೆ, ಉಡಿ ತುಂಬುವುದು, ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೆಣಸಿನ ಸಾರು. ಎರಡನೆಯದು ಸ್ವಲ್ಪ ಬದಲಿಸಿ ಮಾಡಬಹುದಾದದ್ದು: ಮಾಸು ಹೂಳುವುದು, ಗಳಿಗೆ ನೋಡಿ ಹೊರಡುವುದು, ಮಗುವಿನ ಕಣ್ಣಿಗೆ ಕಾಡಿಗೆ. ಮೂರನೆಯದು ಬಿಡಲೇಬೇಕಾದದ್ದು: ನೋವು ಬರಲೆಂದು ಹರಳೆಣ್ಣೆ ಕುಡಿಸುವುದು, ಹೊಟ್ಟೆ ಒತ್ತುವುದು, ಊರಿನ "ಡಾಕ್ಟರ" ಕೈಲಿ ನೋವಿನ ಇಂಜೆಕ್ಷನ್ ಹಾಕಿಸುವುದು, ತಾಯಿಯ ಮೊದಲ ಹಾಲನ್ನು, ಅಂದರೆ ಗಿಣ್ಣು ಹಾಲನ್ನು, ಹಿಂಡಿ ಚೆಲ್ಲುವುದು. ಮೂರನೇ ಗುಂಪಿನ ಬಗ್ಗೆ ಮೊದಲ ಭೇಟಿಯಲ್ಲಿ ಬಾಯಿ ಬಿಡಬೇಡಿ. ಮೊದಲ ದಿನವೇ "ಅದು ತಪ್ಪು" ಎಂದವರಿಗೆ ಎರಡನೇ ದಿನ ಚಹಾ ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ.

## ಹಂತ 2: ಆಸ್ಪತ್ರೆಯವರನ್ನು ಒಪ್ಪಿಸುವುದು (ಸೀಮಂತಕ್ಕೆ ಮುಂಚೆ)

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಮನೆಯವರಿಗೆ ಮಾತು ಕೊಟ್ಟು, ಆಸ್ಪತ್ರೆ ಬಾಗಿಲಲ್ಲಿ ಆ ಮಾತು ಮುರಿದರೆ ಆ ಕೇರಿಯಿಂದ ಮುಂದಿನ ಹೆರಿಗೆ ಬರುವುದಿಲ್ಲ. ಆದ್ದರಿಂದ ವೈದ್ಯಾಧಿಕಾರಿ ಮತ್ತು ಹೆರಿಗೆ ಕೋಣೆಯ ಸಿಸ್ಟರ್ ಜೊತೆ ಮೊದಲೇ ಕೂತು ಕೆಳಗಿನವನ್ನು ಒಂದೊಂದಾಗಿ ಕೇಳಿ.

ಜೊತೆಗೆ ಒಬ್ಬ ಹೆಂಗಸು. ಹೆರಿಗೆ ಕೋಣೆಯಲ್ಲಿ ತಾಯಿಯ ಇಷ್ಟದ ಒಬ್ಬ ಹೆಂಗಸು ಇರಬಹುದೆಂದು ಸರ್ಕಾರಿ ಮಾರ್ಗಸೂಚಿಯೇ ಹೇಳುತ್ತದೆ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಣೆಗಾಗಿ ಬಂದ 'ಲಕ್ಷ್ಯ' ಕಾರ್ಯಕ್ರಮದಲ್ಲೂ ಇದು ಸೇರಿದೆ. ಆದರೂ ಎಷ್ಟೋ ಕಡೆ ಬಾಗಿಲಲ್ಲೇ ತಡೆಯುತ್ತಾರೆ. ಯಾರು ಬರುತ್ತಾರೆಂದು ಮೊದಲೇ ತಿಳಿಸಿ, ತಾಯಿ ಕಾರ್ಡಿನಲ್ಲಿ ಅವಳ ಹೆಸರು ಬರೆಸಿ.

ಕೂತು ಹೆರುವುದು. ಮನೆಯಲ್ಲಿ ಹಗ್ಗ ಹಿಡಿದು, ಕುಕ್ಕರಗಾಲಲ್ಲಿ ಕೂತು ಹೆತ್ತವರ ಮಗಳಿಗೆ ಮಂಚದ ಮೇಲೆ ಕಾಲೆತ್ತಿ ಮಲಗುವುದೆಂದರೆ ನಾಚಿಕೆ, ಭಯ ಎರಡೂ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನಲ್ಲಿ ಹೆರಿಗೆಯ ಭಂಗಿ ತಾಯಿಯ ಆಯ್ಕೆ ಎಂದಿದೆ. ವೈದ್ಯರು ಹಿಂದೆಮುಂದೆ ನೋಡಿದರೆ ಪೆರು ದೇಶದ ಅಯಾಕುಚೊ ಭಾಗದ ಸಾಂಟಿಯಾನಾ ಜಿಲ್ಲೆಯ ಕತೆ ಹೇಳಿ: ಅಲ್ಲಿ ಹಗ್ಗ, ಕೂರುವ ಪೀಠ, ಮನೆಯವರು ಎಲ್ಲವನ್ನೂ ಆಸ್ಪತ್ರೆಯೊಳಗೆ ಬಿಟ್ಟುಕೊಂಡರು. 1999ರಲ್ಲಿ ಶೇ 6 ಇದ್ದ ಆಸ್ಪತ್ರೆ ಹೆರಿಗೆ 2007ಕ್ಕೆ ಶೇ 83 ಆಯಿತು. ಒಪ್ಪದಿದ್ದರೆ, ನೋವು ತಿನ್ನುವ ಹೊತ್ತಿನಲ್ಲಾದರೂ ಓಡಾಡಲು, ಕೂರಲು ಬಿಡಲಿ ಎಂದು ಕೇಳಿ. ಅಷ್ಟಕ್ಕೆ ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ.

ಬಳೆ ಮತ್ತು ತಾಳಿ. ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಇದರಿಂದ ಕೆಟ್ಟುಹೋದ ಸಂಬಂಧಗಳು ಬಹಳ. ಸಲೈನ್ ಹಾಕಲು ಅಡ್ಡ ಬಂತೆಂದು ಸೀಮಂತದ ಗಾಜಿನ ಬಳೆಯನ್ನು ಪಟಪಟನೆ ಒಡೆದರೆ, ಹೊರಗೆ ನಿಂತ ಅತ್ತೆಗೆ ಕಾಣುವುದು ಅಪಶಕುನ. ಬಳೆ ತೆಗೆಯುವುದಿದ್ದರೆ ಜೊತೆಗಿರುವ ಹಿರಿಯಳೇ ಎಣ್ಣೆ ಹಚ್ಚಿ ಜಾರಿಸಿ ತೆಗೆದು ಮಡಿಲಿಗೆ ಹಾಕಲಿ ಎಂದು ಸಿಸ್ಟರ್‌ಗೆ ಹೇಳಿಡಿ. ಆಪರೇಷನ್ ಆಗುವುದಾದರೆ ಚಿನ್ನದ ತಾಳಿ ತೆಗೆಯಬೇಕಾಗುತ್ತದೆ. ಬದಲಿಗೆ ಅರಿಶಿನ ದಾರ ಕಟ್ಟಬಹುದೇ ಎಂದು ಮೊದಲೇ ಕೇಳಿಕೊಳ್ಳಿ.

ಮಾಸು. ಮನೆಯ ಹತ್ತಿರ ಮಾಸು ಹೂಳುವ ಪದ್ಧತಿ ಇರುವವರು ಇದನ್ನು ಕೇಳಿಯೇ ಕೇಳುತ್ತಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಡಿ ಅದರ ವಿಲೇವಾರಿ ಆಸ್ಪತ್ರೆಯ ಜವಾಬ್ದಾರಿ. ಕೊಡಿಸುತ್ತೇನೆಂದು ಮಾತು ಕೊಡಬೇಡಿ. ಕೆಲವು ದಿನಗಳ ನಂತರ ಮನೆಯಲ್ಲೇ ಉದುರುವ ಹೊಕ್ಕುಳ ಕುಡಿಯನ್ನು ಹೂಳಿ ಆ ಶಾಸ್ತ್ರ ಮಾಡಬಹುದಲ್ಲವೇ ಎಂದು ಹಿರಿಯರನ್ನೇ ಕೇಳಿ. ಹೊಕ್ಕುಳ ಕುಡಿಯನ್ನು ತಾಯಿತದಲ್ಲಿಟ್ಟು ಕಟ್ಟುವ ಮನೆಗಳಿಗೆ ಈ ಮಾತು ಹೊಸದೇನಲ್ಲ.

ಬಿಸಿನೀರು, ಊಟ, ಫ್ಯಾನು. ಬಾಣಂತಿಗೆ ತಣ್ಣೀರು ಕೊಡುತ್ತಾರೆ, ಫ್ಯಾನ್ ಕೆಳಗೆ ಮಲಗಿಸುತ್ತಾರೆ ಎಂಬುದು ದೊಡ್ಡ ದೂರು. ಬಿಸಿನೀರು ಎಲ್ಲಿ ಸಿಗುತ್ತದೆ, ಮನೆಯ ಊಟ ತರಬಹುದೇ, ಫ್ಯಾನಿನಿಂದ ದೂರದ ಮಂಚ ಸಿಗುತ್ತದೆಯೇ ಎಂದು ತಿಳಿದುಕೊಂಡು ಬನ್ನಿ.

ಬೈಯ್ಯದಿರುವುದು. ಇದನ್ನು ನೇರವಾಗಿ ಕೇಳುವುದು ಕಷ್ಟ. "ಆ ಕೇರಿಯವರು ಗದರಿದರೆ ಅಂಜುತ್ತಾರೆ, ಇದೇ ಮೊದಲ ಸಲ ಬರುತ್ತಿದ್ದಾರೆ" ಎಂದರೆ ಅರ್ಥ ಮಾಡಿಕೊಳ್ಳುವ ಸಿಸ್ಟರ್‌ಗಳು ಇದ್ದಾರೆ.

ರಕ್ತದ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆ, ಬಿ.ಪಿ. 140/90 ಅಥವಾ ಹೆಚ್ಚು, ಹಿಂದೆ ಸಿಸೇರಿಯನ್, ಅವಳಿ, ಮಗು ಅಡ್ಡ ಇರುವುದು ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಸಾಲದು. ಆಪರೇಷನ್ ಮತ್ತು ರಕ್ತದ ಸೌಲಭ್ಯವಿರುವ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಹೆಸರನ್ನೇ ಮನೆಯಲ್ಲಿ ಹೇಳಬೇಕು.

## ಹಂತ 3: ಸೂಲಗಿತ್ತಿಗೆ ಜಾಗ ಕೊಡುವುದು

ಸೂಲಗಿತ್ತಿಯನ್ನು ಬದಿಗೆ ಸರಿಸಿದರೆ ಅವಳು ಎದುರಾಳಿಯಾಗುತ್ತಾಳೆ, ಅದೂ ನಿಮಗಿಂತ ಹೆಚ್ಚು ನಂಬಿಕೆ ಗಳಿಸಿದ ಎದುರಾಳಿ. ಅವಳಿಗೆ ಮೂರು ಕೆಲಸ ಉಳಿಸಿ: ನೋವು ಶುರುವಾದದ್ದನ್ನು ಗುರುತಿಸಿ "ಈಗ ಹೊರಡಿ" ಎನ್ನುವುದು, ಆಸ್ಪತ್ರೆಯಲ್ಲಿ ಜೊತೆಗಿರುವುದು, ಮನೆಗೆ ಬಂದ ಮೇಲೆ ಬಾಣಂತಿಯ ಎಣ್ಣೆ-ನೀರು.

ಹೆರಿಗೆ ಮಾಡಿಸಿದ್ದಕ್ಕೆ ಕೊಡುತ್ತಿದ್ದ ಸೀರೆ, ಅಕ್ಕಿ, ಎಲೆ-ಅಡಿಕೆ ದಕ್ಷಿಣೆಯನ್ನು ಮನೆಯವರು ಈಗಲೂ ಕೊಡಬೇಕು. ಈ ಮಾತನ್ನು ಅವಳ ಮುಂದೆಯೇ ಮನೆಯವರ ಬಾಯಲ್ಲಿ ಹೇಳಿಸಿ. ಇದು ಮರ್ಯಾದೆಯ ವಿಷಯ, ಸ್ವಲ್ಪ ಮಟ್ಟಿಗೆ ಹೊಟ್ಟೆಪಾಡಿನದ್ದೂ ಹೌದು.

## ಹಂತ 4: ಸೀಮಂತದ ದಿನ (7ನೇ ತಿಂಗಳು)

ಕೆಲವರ ಮನೆಯಲ್ಲಿ ಸೀಮಂತ, ಬಯಲುಸೀಮೆಯ ಉತ್ತರಕ್ಕೆ ಹೋದರೆ ಕುಬಸ, ಕರಾವಳಿಯಲ್ಲಿ ಬಯಕೆ. 5, 7, 9 ಯಾವ ತಿಂಗಳಾದರೂ ನಡೆಯುತ್ತದೆ. ಆಯ್ಕೆ ಇದ್ದರೆ 7ನೇ ತಿಂಗಳು ಹಿಡಿಯಿರಿ. 9ಕ್ಕೆ ಇಟ್ಟುಕೊಂಡರೆ ಏರ್ಪಾಟಿಗೆ ಸಮಯ ಸಾಲದು, ಹೆರಿಗೆ ಮುಂಚೆ ಆದರೆ ಶಾಸ್ತ್ರವೂ ಇಲ್ಲ, ತಯಾರಿಯೂ ಇಲ್ಲ.

ಸಾಮೂಹಿಕ ಕಾರ್ಯಕ್ರಮಕ್ಕಿಂತ ಮನೆಯಲ್ಲೇ ನಡೆಯುವ ಶಾಸ್ತ್ರಕ್ಕೆ ನೀವು ಹೋಗುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅಂಗನವಾಡಿಗೆ ಬರುವುದು ಗರ್ಭಿಣಿ ಮಾತ್ರ. ಮನೆಯಲ್ಲಾದರೆ ಎರಡೂ ಕಡೆಯ ಬೀಗರು ಇರುತ್ತಾರೆ. ಸಾಮೂಹಿಕವಾಗಿ ಮಾಡಲೇಬೇಕಾದರೆ ಅತ್ತೆ ಮತ್ತು ತಾಯಿ ಇಬ್ಬರೂ ಬಾರದೆ ಶಾಸ್ತ್ರ ಆರಂಭಿಸಬೇಡಿ.

ಅಂದು ನಡೆಯಬೇಕಾದ ಕ್ರಮ:

1. ಮೊದಲು ಮನೆಯವರ ಶಾಸ್ತ್ರ ಪೂರ್ತಿ ಮುಗಿಯಲಿ. ನಡುವೆ ಭಾಷಣ ತುರುಕಬೇಡಿ.
2. ಬಳೆ ತೊಡಿಸುವಾಗ ಸ್ವಲ್ಪ ಸಡಿಲ ಅಳತೆಯದ್ದನ್ನೇ ಆರಿಸಿ. ಮುಂದೆ ಜಾರಿಸಿ ತೆಗೆಯಲು ಸುಲಭ. ಇನ್ನೊಂದು ಲಾಭವೂ ಇದೆ: ಸಡಿಲ ಇದ್ದ ಬಳೆ ಇದ್ದಕ್ಕಿದ್ದಂತೆ ಬಿಗಿಯಾಗಿ, ಮುಖ ಊದಿಕೊಂಡು, ತಲೆನೋವು ಅಥವಾ ಕಣ್ಣು ಮಂಜು ಬಂದರೆ ಅದು ಬಿ.ಪಿ. ಏರಿದ ಸೂಚನೆಯಿರಬಹುದು. "ಬಳೆ ಬಿಗಿಯಾದರೆ ಅವತ್ತೇ ಆಸ್ಪತ್ರೆಗೆ" ಎಂದು ತೊಡಿಸುವ ಹೊತ್ತಿನಲ್ಲೇ ಹೇಳಿ, ಅದನ್ನು ಯಾರೂ ಮರೆಯುವುದಿಲ್ಲ.
3. ಮಡಿಲು ತುಂಬಿದ ಮೇಲೆ ಮನೆಯ ಹಿರಿಯರೇ ಮೂರು ಮಾತು ಹೇಳಲಿ: ಯಾವ ಆಸ್ಪತ್ರೆ, ಯಾವ ಗಾಡಿ, ಜೊತೆಗೆ ಯಾರು. ನೀವು ಹೇಳಬೇಡಿ. ನಾಲ್ಕು ಜನರ ಮುಂದೆ ಅತ್ತೆ ಹೇಳಿದ ಮಾತನ್ನು ನಡುರಾತ್ರಿಯಲ್ಲಿ ಅತ್ತೆಯೇ ಮುರಿಯುವುದು ಕಷ್ಟ.
4. ಬಯಕೆ ಊಟದ ನಂತರ ಕಬ್ಬಿಣಾಂಶದ ಮಾತ್ರೆಯ ಲೆಕ್ಕ ಕೇಳಿ. ದಿನಕ್ಕೊಂದರಂತೆ 180 ಮಾತ್ರೆ ಆಗಬೇಕು.

ವಿಧವೆಯರನ್ನು, ಮಕ್ಕಳಿಲ್ಲದವರನ್ನು ಶಾಸ್ತ್ರದಿಂದ ದೂರ ನಿಲ್ಲಿಸುವ ಕಡೆ ಒಂದು ಎಚ್ಚರ. ಗರ್ಭಿಣಿಗೆ ನಿಜವಾದ ಆಸರೆ ವಿಧವೆ ಅಜ್ಜಿಯೇ ಆಗಿದ್ದರೆ, ಆಸ್ಪತ್ರೆಗೆ ಜೊತೆ ಹೋಗುವವಳೆಂದು ಅವಳ ಹೆಸರು ಹೇಳಿಸುವುದರಿಂದ ಅವಳಿಗೂ ಜಾಗ ಸಿಗುತ್ತದೆ. ಇನ್ನು ಮುಸ್ಲಿಂ ಕುಟುಂಬಗಳಿಗೆ ಕುಂಕುಮದ ಶಾಸ್ತ್ರ ಹೇರಬೇಡಿ. ಏಳನೇ ತಿಂಗಳಿನಲ್ಲಿ ಅವರದ್ದೇ ಶಾಸ್ತ್ರ ಮಾಡುವ ಮನೆಗಳಿವೆ, ಅಲ್ಲಿಗೆ ಹೋಗಿ. ಮಗುವಿನ ಕಿವಿಯಲ್ಲಿ ಅಜಾನ್ ಹೇಳಲು ಅಪ್ಪನನ್ನು ಅಥವಾ ಅಜ್ಜನನ್ನು ಬಾಗಿಲವರೆಗೆ ಬಿಡುವಂತೆ ಆಸ್ಪತ್ರೆಗೆ ಮೊದಲೇ ತಿಳಿಸಿ.

## ಹಂತ 5: ಚೀಲ, ಪ್ರಸ್ಥಾನ, ಮುಡಿಪು (8ನೇ ತಿಂಗಳು)

ಚೀಲದಲ್ಲಿ ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ತೊಳೆದು ಬಿಸಿಲಲ್ಲಿ ಒಣಗಿಸಿದ ಹಳೆ ಸೀರೆ ತುಂಡುಗಳು, ಮಗುವಿನ ಕುಲಾವಿ, ಬಿಸಿನೀರಿನ ಫ್ಲಾಸ್ಕ್, ಅರಿಶಿನ ದಾರ.

ಅಮಾವಾಸ್ಯೆ, ರಾಹುಕಾಲ ಎಂದು ಹೊರಡಲು ತಡಮಾಡುವ ಮನೆಗಳಿಗೆ ಅವರದ್ದೇ ಉಪಾಯ ಇದೆ. ಪ್ರಯಾಣ ಕೆಟ್ಟ ಗಳಿಗೆಯಲ್ಲಿ ಬಿದ್ದೀತೆಂಬ ಅಂಜಿಕೆ ಇದ್ದರೆ, ಒಳ್ಳೆ ದಿನ ನೋಡಿ ಸಾಮಾನನ್ನು ಮೊದಲೇ ಹೊರಗೆ, ಪಕ್ಕದ ಮನೆಯಲ್ಲೋ ಗುಡಿಯಲ್ಲೋ ಇಟ್ಟು ಬರುವ ಪ್ರಸ್ಥಾನದ ಪದ್ಧತಿ. ಆಸ್ಪತ್ರೆ ಚೀಲವನ್ನೇ ಪ್ರಸ್ಥಾನ ಇಡಿಸಿ. ಅಲ್ಲಿಗೆ ಪ್ರಯಾಣ ಶುಭ ಗಳಿಗೆಯಲ್ಲಿ ಶುರುವಾದಂತಾಯಿತು, ನೋವು ಯಾವಾಗ ಬಂದರೂ ಹೊರಡಬಹುದು.

ಸುಖ ಹೆರಿಗೆಯಾಗಲೆಂದು ಹಳದಿ ಬಟ್ಟೆಯಲ್ಲಿ ದೇವರಿಗೆ ಮುಡಿಪು ಕಟ್ಟುವವರು ಅದರ ಪಕ್ಕದಲ್ಲೇ ಇನ್ನೊಂದು ಗಂಟು ಕಟ್ಟಲಿ, ಗಾಡಿ ಖರ್ಚಿಗೆ. ದೇವರ ಹತ್ತಿರ ಇಟ್ಟ ದುಡ್ಡಿಗೆ ಗಂಡನೂ ಕೈ ಹಾಕುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಬಿಪಿಎಲ್ ಅಥವಾ ಪರಿಶಿಷ್ಟ ಕುಟುಂಬದ ಹಳ್ಳಿಯ ತಾಯಿಗೆ ಜನನಿ ಸುರಕ್ಷಾದಡಿ 700 ರೂಪಾಯಿ ಸಿಗುತ್ತದೆ. ಆದರೆ ಹಣದ ಮಾತಿನಿಂದ ಮಾತುಕತೆ ಶುರುಮಾಡಬೇಡಿ. ಹಣಕ್ಕಾಗಿ ಸೊಸೆಯನ್ನು ಕಳಿಸಿದರು ಎಂಬ ಮಾತು ಯಾವ ಅತ್ತೆಗೂ ಬೇಡ.

## ಹಂತ 6: ತವರಿಗೆ ಕಳಿಸುವಾಗ

ಹೆಚ್ಚು ಗರ್ಭಿಣಿಯರು ಪಟ್ಟಿಯಿಂದ ಕಳೆದುಹೋಗುವ ಜಾಗ ಇದೇ. ಸೀಮಂತ ಗಂಡನ ಊರಲ್ಲಿ, ಚೊಚ್ಚಲ ಹೆರಿಗೆ ತವರಲ್ಲಿ. ಇಲ್ಲಿಯ ಆಶಾ "ತವರಿಗೆ ಹೋದಳು" ಎಂದು ಬರೆದು ಕೈ ತೊಳೆದುಕೊಳ್ಳುತ್ತಾಳೆ, ಅಲ್ಲಿಯ ಆಶಾಗೆ ಬಂದದ್ದೇ ಗೊತ್ತಿರುವುದಿಲ್ಲ.

ತವರಿನವರು ಕರೆದೊಯ್ಯಲು ಬಂದಾಗ ಬೀಳ್ಕೊಡುವ ಶಾಸ್ತ್ರ ಇದ್ದೇ ಇರುತ್ತದೆ. ಆ ಹೊತ್ತಿಗೆ ಹೋಗಿ, ತಾಯಿ ಕಾರ್ಡನ್ನು ಮಡಿಲಕ್ಕಿಯ ಜೊತೆಯಲ್ಲೇ ಹಾಕಿಸಿ. ಟ್ರಂಕಿನೊಳಗೆ ಹೋದ ಕಾರ್ಡ್ ಹೆರಿಗೆಯಾದ ಮೇಲೆ ಸಿಗುತ್ತದೆ. ಅಲ್ಲೇ ನಿಂತು ತವರೂರಿನ ಆಶಾಗೆ ಫೋನ್ ಹಚ್ಚಿ, ಗರ್ಭಿಣಿಯ ತಾಯಿಯ ಕೈಗೆ ಕೊಡಿ. ಇಬ್ಬರೂ ಮಾತಾಡಲಿ. ತವರೂರಿನ ಆಸ್ಪತ್ರೆ ಬೇರೆ, ಆದ್ದರಿಂದ ಹಂತ 2ರ ಮಾತುಗಳನ್ನು ಅಲ್ಲಿಯ ಆಶಾ ಮತ್ತೆ ಆಡಬೇಕು. ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಹುಡುಗಿಯ ತಾಯಿಯನ್ನೂ ಕರೆದೊಯ್ದರೆ ಜಾಗದ ಪರಿಚಯವೂ ಆಗುತ್ತದೆ.

## ಹಂತ 7: ನೋವು ಬಂದಾಗ

ಸೂಲಗಿತ್ತಿ ಹೇಳಿದ ಕೂಡಲೇ 108. ಬಾರದಿದ್ದರೆ ಎರಡನೇ ನಂಬರ್. ದೇವರಿಗೆ ದೀಪ ಹಚ್ಚುವುದು, ದೃಷ್ಟಿ ತೆಗೆಯುವುದು ಗಾಡಿ ಬರುವಷ್ಟರಲ್ಲಿ ಆಗಲಿ. ಗಾಡಿ ಬಂದ ಮೇಲೆ ಅದಕ್ಕಾಗಿ ಕಾಯಿಸಬಾರದು.

ಯಾವ ಶಾಸ್ತ್ರಕ್ಕೂ ನಿಲ್ಲದೆ ಹೊರಡಬೇಕಾದ ಸಂದರ್ಭಗಳು: ರಕ್ತ ಹೋಗುವುದು, ಫಿಟ್ಸ್, ನೋವಿಲ್ಲದೆ ನೀರು ಒಡೆಯುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಜ್ವರ, ತೀವ್ರ ತಲೆನೋವು. ಇವನ್ನು ತಾಯಿ ಕಾರ್ಡಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿಡಿ.

## ಹಂತ 8: ಆಸ್ಪತ್ರೆಯಲ್ಲಿ, ಮತ್ತು ಅಲ್ಲಿಂದ ಮನೆಗೆ

ಹೆರಿಗೆಯಾಯಿತು, ಇನ್ನು ಮನೆಗೆ ಹೋಗೋಣ ಎಂಬ ಅವಸರ ಇಲ್ಲಿಯ ದೊಡ್ಡ ತೊಡಕು. ತಾಯಂದಿರ ಸಾವಿಗೆ ದೊಡ್ಡ ಕಾರಣ ಹೆರಿಗೆ ನಂತರದ ರಕ್ತಸ್ರಾವ. ಅದು ಹೆಚ್ಚಾಗಿ ಮೊದಲ 24 ಗಂಟೆಯಲ್ಲೇ ಆಗುತ್ತದೆ. 48 ಗಂಟೆ ಅಲ್ಲೇ ಇರಬೇಕೆಂದು ಸೀಮಂತದ ದಿನವೇ ಹೇಳಿರಬೇಕು. ಐದನೇ ದಿನದ ಪೂಜೆ, ನಾಮಕರಣ ಯಾವುದಕ್ಕೂ ಈ ಎರಡು ದಿನ ಅಡ್ಡಿಯಾಗುವುದಿಲ್ಲ ಎಂದು ದಿನ ಎಣಿಸಿ ತೋರಿಸಿ.

ಗಿಣ್ಣು ಹಾಲಿನ ಮಾತನ್ನು ದನ ಕಟ್ಟಿದ ಮನೆಯಲ್ಲಿ ಹೇಳುವುದು ಸುಲಭ: ಕರುವಿಗೆ ಗಿಣ್ಣು ಕುಡಿಸದೆ ಬಿಡುತ್ತೀರಾ ಎಂದು ಕೇಳಿದರೆ ಸಾಕು. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು, ಜೇನುತುಪ್ಪ-ಸಕ್ಕರೆ ನೀರು ಬೇಡ. ಮಗುವಿನ ಮೊದಲ ಸ್ನಾನ 24 ಗಂಟೆ ಕಳೆದ ಮೇಲೆ. ಕಾಡಿಗೆಯನ್ನು ಕಣ್ಣಿಗೆ ಬದಲು ಅಂಗಾಲಿಗೆ ಹಚ್ಚಲಿ, ದೃಷ್ಟಿ ಅಲ್ಲಿಂದಲೂ ಹೋಗುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇದ್ದರೆ ಜೀರಿಗೆ ಹಾಕಿ ಕಾಯಿಸಿದ ನೀರನ್ನು ಧಾರಾಳವಾಗಿ ಕೊಡಿಸಿ. ಸಿಸೇರಿಯನ್ ಆದವರಿಗೆ ಹೊಟ್ಟೆ ಕಟ್ಟುವುದು, ಎಣ್ಣೆ-ನೀರು ವೈದ್ಯರನ್ನು ಕೇಳಿಯೇ ಆಗಬೇಕು.

ಸೂತಕ ಗಟ್ಟಿಯಾಗಿ ಪಾಲಿಸುವ ಹಟ್ಟಿಗಳಲ್ಲಿ ಒಂದು ವಿಶೇಷ ಇದೆ. ಹೆರಿಗೆ ಹಟ್ಟಿಯ ಹೊರಗೇ ಆಗಬೇಕೆಂಬುದು ಅವರ ಕಟ್ಟಳೆಯಾದರೆ, ಆಸ್ಪತ್ರೆಯೂ ಹೊರಗೇ ಇದೆ. ಹಿರಿಯರು ಈ ತರ್ಕವನ್ನು ಒಪ್ಪುವ ಸಾಧ್ಯತೆ ಹೆಚ್ಚು. ಕಷ್ಟ ಇರುವುದು ಹಿಂದಿರುಗುವಾಗ. ಸೂತಕವೆಂದು ಬಾಣಂತಿ-ಕೂಸನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಡುವುದು ಜೀವಕ್ಕೇ ಅಪಾಯ, ಕರ್ನಾಟಕದ 2017ರ ಅಮಾನವೀಯ ಅನಿಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆಯಡಿ ಅಪರಾಧವೂ ಹೌದು. ಹಟ್ಟಿಯ ಹೊರಗಿರುವ ನೆಂಟರ ಪಕ್ಕಾ ಮನೆಯನ್ನು ಹೆರಿಗೆಗೆ ಮುಂಚೆಯೇ ಗೊತ್ತು ಮಾಡಿ. ಸಿಗದಿದ್ದರೆ ಡಿಸ್ಚಾರ್ಜ್‌ಗೆ ಮುಂಚೆ ವೈದ್ಯಾಧಿಕಾರಿಗೆ ತಿಳಿಸಿ. ಇಲ್ಲಿ ಮಾತ್ರ ರಾಜಿ ಬೇಡ.

ಮನೆಗೆ ಬಂದ ಮೇಲೆ 3, 7, 14, 21, 28, 42ನೇ ದಿನಗಳ ಭೇಟಿ ತಪ್ಪಿಸಬೇಡಿ.

## ಕೈತಪ್ಪುತ್ತಿದೆ ಎಂಬ ಸೂಚನೆಗಳು

"ನೋಡೋಣ, ದೇವರಿದ್ದಾನೆ" ಎಂಬ ಉತ್ತರ ಎರಡು ಸಲ ಬಂದರೆ ಎಚ್ಚರ. 8ನೇ ತಿಂಗಳು ದಾಟಿದರೂ ಚೀಲ ಇಲ್ಲ. ಸೂಲಗಿತ್ತಿ ನಿಮ್ಮನ್ನು ಕಂಡರೆ ದಾರಿ ಬದಲಿಸುತ್ತಾಳೆ. ಮನೆಯಲ್ಲಿ ಹೊಸ ಬ್ಲೇಡು, ದಾರ ಬಂದು ಕೂತಿದೆ. ಗಂಡ ಕಬ್ಬಿನ ಗ್ಯಾಂಗಿನ ಜೊತೆ ಹೊರಟಿದ್ದಾನೆ, ಅವಳೂ ಹೋಗಬಹುದು. ಅಥವಾ "ಮೊದಲೆರಡು ಮನೆಯಲ್ಲೇ ಸಲೀಸಾಗಿ ಆದ್ವು" ಎಂಬ ಮಾತು.

ಇವುಗಳಲ್ಲಿ ಒಂದು ಕಂಡರೂ ಸೀಮಂತದ ಫೋಟೋ ತೋರಿಸಿ ಒತ್ತಾಯಿಸಬೇಡಿ. ಹಂತ 1ಕ್ಕೆ ವಾಪಸ್ ಹೋಗಿ, ಬಾಯಿಬಿಡದ ಆ ಒಂದು ಕಾರಣ ಏನೆಂದು ಕೇಳಿ. ರೇಷನ್ ಕಾರ್ಡ್ ರದ್ದಾಗುತ್ತದೆ, ಜನನ ಪ್ರಮಾಣಪತ್ರ ಸಿಗುವುದಿಲ್ಲ ಎಂದು ಸುಳ್ಳು ಹೆದರಿಕೆ ಹಾಕುವುದಂತೂ ಕೂಡದು. ಸುಳ್ಳು ಗೊತ್ತಾದ ದಿನ ನಿಮ್ಮ ನಿಜವನ್ನೂ ಯಾರೂ ನಂಬುವುದಿಲ್ಲ.

## ಮನೆಯಲ್ಲೇ ಆಗಿಬಿಟ್ಟರೆ

ಬೈಯ್ಯಬೇಡಿ, 108ಕ್ಕೆ ಫೋನ್ ಮಾಡಿ. ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸಿ, ಇಬ್ಬರಿಗೂ ಹೊದಿಸಿ, ಹಾಲೂಡಿಸಿ. ಹೊಕ್ಕುಳ ಬಳ್ಳಿಯನ್ನು ಎಳೆಯಬೇಡಿ, ಗಾಯಕ್ಕೆ ಬೂದಿ, ಸಗಣಿ, ಅರಿಶಿನ ಹಚ್ಚಲು ಬಿಡಬೇಡಿ. ಮಾಸು ಬೀಳದಿದ್ದರೆ ಅಥವಾ ಬಟ್ಟೆ ಮೇಲೆ ಬಟ್ಟೆ ನೆನೆಯುವಷ್ಟು ರಕ್ತ ಹೋದರೆ ಆಂಬುಲೆನ್ಸ್‌ಗೆ ಕಾಯದೆ ಸಿಕ್ಕ ಗಾಡಿಯಲ್ಲಿ ಹೊರಡಿ. ಎಲ್ಲ ಸರಿಯಿದ್ದರೂ ಅವತ್ತೇ ತಾಯಿ-ಮಗು ಇಬ್ಬರನ್ನೂ ಆಸ್ಪತ್ರೆಯಲ್ಲಿ ತೋರಿಸಿ, 21 ದಿನದೊಳಗೆ ಜನನ ನೋಂದಣಿ ಮಾಡಿಸಿ.